ಅಕ್ಕ ನೋಡಲು ಹೋಗುವ ಹೆಂಗಸು

ನಮ್ಮಕ್ಕನಿಗೆ ಡೆಟ್ರಾಯಿಟಿನಲ್ಲಿ ಇರುವುದು ಒಬ್ಬಳೇ ಗೆಳತಿ. ವಯಸ್ಸು ಇನ್ನೂರರ ಹತ್ತಿರ!

ಆಕೆಯ ವಾಸ ಮ್ಯೂಸಿಯಮ್ಮಿನ ಗೋಡೆಯ ಮೇಲೆ, ಚಿನ್ನದ ಬಣ್ಣದ ಚೌಕಟ್ಟಿನೊಳಗೆ. ಕಪ್ಪು ಗೌನು, ಹೆಗಲಿನಿಂದ ಜಾರಿದ ಶಾಲು, ಹಿಂದೆ ಮೋಡ ಕವಿದ ಆಕಾಶ. ಆ ಕಾಲದ ಯುರೋಪಿನ ಚಿತ್ರಗಾರರು ಮುಖದ ಜೊತೆಗೆ ಮನಸ್ಸನ್ನೂ ಬರೆಯುತ್ತಿದ್ದರಂತೆ. ಗೋಡೆಯ ಚೀಟಿ ಓದಿ ಅಕ್ಕನೇ ಹೇಳಿದ್ದು. ಎಂಟನೇ ಕ್ಲಾಸಿಗೇ ಸ್ಕೂಲು ಬಿಟ್ಟು ಸೌಟು ಹಿಡಿದ ನನಗೇನು ಗೊತ್ತು? ಹೋಟೆಲಿನ ಅಡುಗೆಯವನಿಗೆ ವಾರದಲ್ಲಿ ಒಂದೇ ದಿನ ರಜೆ. ಅವತ್ತು ನಾವಿರುವ ಫಾರ್ಮಿಂಗ್ಟನ್ ಹಿಲ್ಸ್‌ನಿಂದ ಅಕ್ಕನನ್ನು ಕೂರಿಸಿಕೊಂಡು ಅಲ್ಲಿಗೆ ಡ್ರೈವ್ ಮಾಡುವುದೇ ನನ್ನ ವಿಶ್ರಾಂತಿ!

“ಇವತ್ತು ಯಾರೋ ಏನೋ ಅಂದಿದಾರೆ ಇವಳಿಗೆ. ತುಟಿ ನೋಡೋ.”

“ಇನ್ನೂರು ವರ್ಷದಿಂದ ಅದೇ ತುಟಿ ಕಣಕ್ಕ.”

“ಹೋದ ವಾರ ಅಳು ತಡ್ಕೊಂಡಿದ್ಲು. ಇವತ್ತು ಕೋಪ. ಅಡುಗೆ ಮಾಡೋನಿಗೆ ಇಷ್ಟೂ ಹದ ಗೊತ್ತಾಗಲ್ವಾ?”

ಒಮ್ಮೆ ಅಲ್ಲಿನ ಕಾವಲಿನವನನ್ನು ಕರೆದು, ಪಾಪ, ಅವಳ ಶಾಲು ತೆಳ್ಳಗಿದೆ, ಹೀಟರ್ ಜಾಸ್ತಿ ಮಾಡಿ ಎಂದಳು. ಆತ, ಬೆಚ್ಚಗೇ ಇದೆಯಲ್ಲ ಎನ್ನುವಂತೆ ಗಂಭೀರವಾಗಿ, “ಇಟ್ಸ್ ಸೆವೆಂಟಿ ಡಿಗ್ರೀಸ್, ಮ್ಯಾಮ್” ಎಂದ. ಅಕ್ಕ ನಂಬಲಿಲ್ಲ. ಚಿತ್ರದವಳೂ ನಂಬಿದಂತೆ ಕಾಣಲಿಲ್ಲ!

ಹೋದ ತಿಂಗಳು ನನ್ನ ಸೋಮಾರಿತನ ಗೆದ್ದಿತು. “ಆ ಚಿತ್ರಾನ ಚಿಕಾಗೋಗೆ ಕಳಿಸಿಬಿಟ್ರಂತೆ” ಎಂದು ಸುಳ್ಳು ಹೇಳಿದೆ. ಇನ್ನೂರೆಂಬತ್ತು ಮೈಲಿ! ಇನ್ನು ಕಾಟ ತಪ್ಪಿತು ಎಂದುಕೊಂಡೆ. ಮುಂದಿನ ರಜೆಯ ದಿನ ನಾನು ಏಳುವಷ್ಟರಲ್ಲಿ ಅಕ್ಕ ಮೊಸರನ್ನ ಕಟ್ಟಿಕೊಂಡು ಕಾರಿನ ಪಕ್ಕ ನಿಂತಿದ್ದಳು.

“ನಡಿ ಚಿಕಾಗೋಗೆ. ಹೊಸ ಜಾಗ, ಹೇಗಿದಾಳೋ ಏನೋ.”

ಹೈವೇಯಲ್ಲಿ ಎರಡು ಎಕ್ಸಿಟ್ ದಾಟುವವರೆಗೆ ಓಡಿಸಿದೆ. ಆಮೇಲೆ ಒಂದು ಗ್ಯಾಸ್ ಸ್ಟೇಷನ್ನಿನಲ್ಲಿ ಕಾರು ನಿಲ್ಲಿಸಿ, ಚಿತ್ರ ಎಲ್ಲಿಗೂ ಹೋಗಿಲ್ಲ, ನನಗೇ ಬೇಜಾರಾಗಿತ್ತು ಎಂದು ಒಪ್ಪಿಕೊಂಡೆ. ಅಕ್ಕ ಬೈಯಲಿಲ್ಲ. ದೊಡ್ಡದಾಗಿ ಉಸಿರು ಬಿಟ್ಟಳು.

“ಸದ್ಯ! ಅವಳನ್ನೂ ಒಂದು ಮಾತು ಕೇಳ್ದೆ ಸಾಗಿಸಿಬಿಟ್ರಲ್ಲ ಅಂತ ಸಂಕಟ ಆಗಿತ್ತು ಕಣೋ.”

ಅವಳನ್ನೂ! ಹೋದ ವರ್ಷ ಭಾವ ತೀರಿಕೊಂಡಾಗ, ವೈಕುಂಠ ಸಮಾರಾಧನೆ ಮುಗಿದ ವಾರಕ್ಕೇ ಚಿಕಾಗೋ ಹತ್ತಿರದ ವುಡ್‌ರಿಡ್ಜ್‌ನಲ್ಲಿ ಅವಳು ಇಪ್ಪತ್ತು ವರ್ಷ ಬಾಳಿದ ಮನೆಯನ್ನು ಖಾಲಿ ಮಾಡಿಸಿ, ಇಲ್ಲಿಗೆ ಕರೆತಂದವನು ನಾನು. ಒಳ್ಳೆಯದಕ್ಕೇ ಅಂದುಕೊಂಡಿದ್ದೆ. ಅವಳನ್ನು ಕೇಳಿರಲಿಲ್ಲ.

“ಅಕ್ಕಾ, ಈಗ ಎಲ್ಲಿಗೆ ಹೋಗಣ ಹೇಳು.”

ಅಕ್ಕ ಮೊಸರನ್ನದ ಡಬ್ಬಿಯನ್ನು ಮಡಿಲಲ್ಲಿ ಸರಿಮಾಡಿಕೊಂಡಳು.

“ಹೇಗೂ ಎರಡು ಎಕ್ಸಿಟ್ ಬಂದಾಗಿದೆ. ಹಾಗೇ ನಡಿ. ನಮ್ಮನೆ ಮುಂದೆ ಒಂದು ಸಲ ನಿಲ್ಸು, ಸಾಕು. ನಾನು ಇಳಿಯಲ್ಲ.”

ಈಗ ಬೇರೆ ಯಾರೋ ಇರುವ ಮನೆಯನ್ನು ಅವಳು ‘ನಮ್ಮನೆ’ ಎಂದಳು. ನಾನು ತಿದ್ದಲಿಲ್ಲ. ಕಾರು ಹೊರಡಿಸಿದೆ.