ಚಹಾ ಬರೋತನಕ ಹಿಡಿದ ಮಷಿನ್ನು

ನನಗೊಂದು ಕಾಯಿಲೆ ಇದೆ. ಯಾರನ್ನಾದರೂ ಹತ್ತು ನಿಮಿಷ ನೋಡಿದರೆ ಸಾಕು, ಅವರ ಧ್ವನಿ ಬಂದು ನನ್ನ ಗಂಟಲಿನಲ್ಲಿ ಬಾಡಿಗೆಗೆ ಕೂತುಬಿಡುತ್ತದೆ. ಆಮೇಲೆ ಬಾಡಿಗೆಯನ್ನೂ ಕೊಡುವುದಿಲ್ಲ, ಮನೆಯನ್ನೂ ಬಿಡುವುದಿಲ್ಲ. ಹಂಸಭಾವಿಯಿಂದ ಹಿರೇಕೆರೂರಿಗೆ ಹೋಗುವ ಬಸ್ಸಿನ ಕಂಡಕ್ಟರು ಮೂಗಿನಲ್ಲಿ ಸೀಟಿ ಹೊಡೆದಂತೆ ಮಾತಾಡುವುದು, ನನ್ನ ಝೆರಾಕ್ಸ್ ಅಂಗಡಿಗೆ ಬರುವ ಮಾಸ್ತರರು ಪ್ರತಿ ವಾಕ್ಯಕ್ಕೂ ಮೊದಲು ಕೆಮ್ಮಿ ಅನುಮತಿ ಕೇಳುವುದು, ನಮ್ಮ ಅವ್ವ ಸಿಟ್ಟಿಗೇಳುವ ಮುನ್ನ ಸೆರಗು ಕೊಡವುವುದು, ಎಲ್ಲವೂ ನನ್ನ ಹತ್ತಿರ ಸ್ಟಾಕ್ ಇದೆ. ಊರಿನವರು ಎಲ್ಲ ಕಾರ್ಯಕ್ಕೂ ನನ್ನನ್ನು ತಪ್ಪದೆ ಕರೆಯುತ್ತಾರೆ. ಪ್ರೀತಿಯಿಂದಲ್ಲ. ಕರೆದರೆ ಎದುರಿಗೇ ಅಣಕಿಸುತ್ತಾನೆ, ಕರೆಯದಿದ್ದರೆ ಬೇರೆ ಊರಿಗೆ ಹೋಗಿ ಅಣಕಿಸುತ್ತಾನೆ ಎಂಬ ಭಯದಿಂದ.

ಈ ಕಾಯಿಲೆ ನನ್ನ ಕೈಗೆ ಕಟ್ಟಿಗೆ ಕೊಯ್ಯುವ ಮಷಿನ್ ಹಿಡಿಸಿದ್ದು ಹೇಗೆಂದು ಹೇಳಬೇಕಾದರೆ, ಮೊದಲು ಅವ್ವನ ರೊಟ್ಟಿಯಿಂದ ಶುರು ಮಾಡಬೇಕು. ಅವ್ವ ಮತ್ತು ಕೂಲಿಗೆ ಬರುವ ನೀಲವ್ವ ಮೊದಲಾದ ಮೂವರು ಹೆಣ್ಣುಮಕ್ಕಳು ನಮ್ಮ ಹಿತ್ತಲಿನ ತಗಡಿನ ಶೆಡ್ಡಿನಲ್ಲಿ ನಾಲ್ಕು ಒಲೆ ಹೂಡಿ ಜೋಳದ ರೊಟ್ಟಿ ಬಡಿಯುತ್ತಾರೆ. ಖಾನಾವಳಿಗೆ, ಮದುವೆ ಮನೆಗೆ, ಒಮ್ಮೊಮ್ಮೆ ಶಿಗ್ಗಾವಿಯತನಕವೂ ಹೋಗುತ್ತವೆ. ಒಂದು ಸಲ ಗ್ಯಾಸಿನ ಮೇಲೆ ಮಾಡಿ ನೋಡಿದ್ದಾಯಿತು. ತಿಂದ ಗಿರಾಕಿಯೊಬ್ಬ, "ಯಾಕ್ರಿ ಅವ್ವಾರ, ರೊಟ್ಟಿಗಿ ಆರಾಮ ಇಲ್ಲೇನ್ರಿ?" ಎಂದು ಕೇಳಿದ. ಅಂದಿನಿಂದ ಕಟ್ಟಿಗೆಯೇ ಗತಿ. ಕಟ್ಟಿಗೆ ಎಂದರೆ ಫಕ್ಕೀರಪ್ಪ ಕಾಕಾ. ಹತ್ತು ಹನ್ನೆರಡು ವರ್ಷದಿಂದ ನಮ್ಮ ಮನೆಯ ದಿಮ್ಮಿಗಳನ್ನೆಲ್ಲ ಕೊಡಲಿಯಿಂದಲೇ ಕಡಿದು, ಸೀಳಿ, ಒಲೆಯ ಬಾಯಿಗೆ ಅಳತೆ ಮಾಡಿಸಿದಂತೆ ಒಟ್ಟಿಕೊಟ್ಟವನು. ಅವನು ಕೊಡಲಿ ಎತ್ತುವಾಗ ಏನೂ ಸದ್ದಿಲ್ಲ. ಇಳಿಸುವಾಗ ಮಾತ್ರ ಹೊಟ್ಟೆಯೊಳಗಿಂದ "ಹ್ಹಂ... ಹಾ!" ಎಂದೊಂದು ಉಸಿರು ಬರುತ್ತದೆ. ಆ ಉಸಿರಿಗೆ ಅರ್ಧ ದಿಮ್ಮಿ ತಾನಾಗಿಯೇ ಒಡೆಯುತ್ತದೆ, ಉಳಿದರ್ಧಕ್ಕೆ ಕೊಡಲಿ ಸಾಕು.

ಇಂಥ ಧ್ವನಿಯನ್ನು ನಾನು ಬಿಡುತ್ತೇನೆಯೇ? ನಮ್ಮ ಶಾಲೆಯ ಗ್ಯಾದರಿಂಗಿನಲ್ಲಿ, ಹಳೆಯ ವಿದ್ಯಾರ್ಥಿ ಎಂದು ಮೈಕು ಕೊಟ್ಟಾಗ, ಫಕ್ಕೀರಪ್ಪ ಕಾಕಾ ಕಟ್ಟಿಗೆ ಒಡೆಯುವುದು, ಚಹಾ ಕುಡಿಯುವುದು, ಹೆಂಡತಿಯ ಫೋನು ಬಂದಾಗ ನಿಂತುಕೊಳ್ಳುವುದು, ಎಲ್ಲಕ್ಕೂ ಅದೇ "ಹ್ಹಂ... ಹಾ" ಹಾಕಿ ಜನರನ್ನು ಬಿದ್ದು ಬಿದ್ದು ನಗಿಸಿದೆ. ಯಾರೋ ಪುಣ್ಯಾತ್ಮ ಅದನ್ನು ಮೊಬೈಲಿನಲ್ಲಿ ಹಿಡಿದ. ಎರಡು ದಿನದಲ್ಲಿ ಅದು ಊರೆಲ್ಲ ತಿರುಗಿ ಸುಸ್ತಾಗಿ ಕಾಕಾನ ಕೈಗೇ ಬಂದು ಬಿತ್ತು. ಮರುದಿನ ಅವನು ಕೆಲಸಕ್ಕೆ ಬರಲಿಲ್ಲ. ಅವ್ವ ಹೇಳಿ ಕಳಿಸಿದಳು. ಉತ್ತರ ಬಂತು: "ಸಪ್ಪಳ ಅಂತೂ ಥೇಟ್ ನನ್ನಂಗ ಮಾಡ್ತಾನ ನಿಮ್ಮ ಮಗ. ಕಟ್ಟಿಗಿನೂ ಅಂವನ ಬಾಯಿಲೇ ಒಡಸ್ರಿ."

ಅದೇ ಹೊತ್ತಿಗೆ ಹಾನಗಲ್ ಕಡೆಯಿಂದ ಒಂದು ಟ್ರ್ಯಾಕ್ಟರ್ ಮಾವಿನ ಕೊಂಬೆ, ಜಾಲಿಯ ದಿಮ್ಮಿ ಹಿತ್ತಲಿಗೆ ಬಂದು ಬಿದ್ದಿತ್ತು. ಮುಂದಿನ ಗುರುವಾರ ಅಬಲೂರಿನ ಮದುವೆಗೆ ಎರಡು ಸಾವಿರ ರೊಟ್ಟಿ ಹೋಗಬೇಕು. ಅವ್ವ ಸೆರಗು ಕೊಡವಿದಳು.

"ಇಂಥ ಹೊತ್ತಿನ್ಯಾಗ ನನ್ನ ಒಲಿ ಆರಿಸಿದೆಲ್ಲೋ! ಈ ಗಿರಾಕಿ ಕೈಬಿಟ್ಟರ ಇಷ್ಟು ವರ್ಷದ ಹೆಸರು ಹೋತು. ನೀಲವ್ವಗ ಏನ್ ಹೇಳ್ಲಿ? ಗಂಟು ನೀನ ಬಿಗಿದಿ, ನೀನ ಬಿಚ್ಚು."

ಕಾಕಾನ ಮನೆಗೆ ಹೋಗಿ ತಪ್ಪಾಯಿತು ಎನ್ನುವುದು ಸುಲಭದ ದಾರಿಯಾಗಿತ್ತು. ಆದರೆ ಮೊಬೈಲು ಇರುವ ಕಾಲದಲ್ಲಿ ಯಾರೂ ಸುಲಭದ ದಾರಿ ಹಿಡಿಯುವುದಿಲ್ಲ. ನಾನು ಚೈನ್‌ಸಾ ಎಂಬ ಕಟ್ಟಿಗೆ ಕೊಯ್ಯುವ ಮಷಿನ್ನುಗಳ ವಿಡಿಯೋ ನೋಡತೊಡಗಿದೆ. ಎಲ್ಲ ವಿಡಿಯೋದಲ್ಲೂ ಒಬ್ಬ ಹಸನ್ಮುಖಿ ಒಂದೇ ಕೈಯಲ್ಲಿ ಮಷಿನ್ ಹಿಡಿದು ಗಜ್ಜರಿ ಹೆಚ್ಚಿದಂತೆ ಮರ ಕೊಯ್ಯುತ್ತಾನೆ. ಅವನ ತೋಳುಗಳನ್ನು ನಾನು ನೋಡಬೇಕಿತ್ತು. ಮುಖ ನೋಡಿದೆ.

ನೋಡಿ ತಿಳಿದದ್ದಿಷ್ಟು. ಇಂಥ ಮಷಿನ್ನಿನಲ್ಲಿ ಎರಡು ಗುಣ, ಶಕ್ತಿ ಮತ್ತು ತೂಕ, ಸೊಸೆ ತವರಿನಿಂದ ಬರುವಾಗ ಜೊತೆಗೇ ಬರುವ ತಂಗಿಯ ಹಾಗೆ. ಒಂದನ್ನು ಕರೆದರೆ ಇನ್ನೊಂದೂ ಬರುತ್ತದೆ. ಇಪ್ಪತ್ತೈದು ಸಿಸಿಯದು ಮೂರೂವರೆ ಕಿಲೋ. ಐವತ್ತೆಂಟು ಸಿಸಿಯದು ಆರೂವರೆ. ಸಣ್ಣದು ನಿಧಾನ ಕೊಯ್ಯುತ್ತದೆ, ಕೈಗೆ ಹಗುರ. ದೊಡ್ಡದು ಗಬಗಬ ತಿನ್ನುತ್ತದೆ, ಆದರೆ ಅದರ ಊಟಕ್ಕೆ ನಾವು ಅದನ್ನು ಎತ್ತಿಕೊಂಡು ಹೋಗಬೇಕು. ಈ ಧರ್ಮಸಂಕಟವನ್ನು ದುಂಡಸಿಯ ಸೋದರಮಾವನಿಗೆ ಫೋನಿನಲ್ಲಿ ಹೇಳಿದೆ. ಮಾವ ಸವಣೂರಿನಲ್ಲಿ ಹಂಡೆ ಕೊಂಡರೂ, ಪಂಪು ಕೊಂಡರೂ ಮೊದಲು ಎತ್ತಿ ನೋಡುವವನು. ಭಾರ ಇದ್ದದ್ದು ಗಟ್ಟಿ, ಹಗುರ ಇದ್ದದ್ದು ತಗಡು, ಇದು ಅವನ ಶಾಸ್ತ್ರ. ನನ್ನ ಅತ್ತೆಯನ್ನೂ ಹೀಗೇ ಆರಿಸಿದನೆಂದು ನಾನು ಎಲ್ಲರ ಮುಂದೆ ಹೇಳುತ್ತೇನೆ. ಅತ್ತೆಯ ಮುಂದೆ ಹೇಳುವುದಿಲ್ಲ.

"ತಮ್ಮಾ, ಸಣ್ಣದು ತಗೊಂಡು ಏನ್ ಹಲ್ಲಾಗಿನ ಕಸ ತಗೀತಿ? ಭಾರ ಇದ್ದದ್ದ ತಗೋ. ಮಷಿನ್ ಅಂದ್ರ ಕೈಯಾಗ ಐತಿ ಅಂತ ಗೊತ್ತರ ಆಗಬೇಕಿಲ್ಲೋ!" ಎಂದ.

ಶುಕ್ರವಾರ ಹಿರೇಕೆರೂರಿನ ಅಂಗಡಿಗೆ ಹೋದೆ. ಸ್ಪ್ರೇ ಪಂಪು, ಪೈಪು, ಮೋಟಾರುಗಳ ನಡುವೆ ಮಾಲೀಕರು ಕನ್ನಡಕವನ್ನು ಹಣೆಗೇರಿಸಿ ಕೂತಿದ್ದರು. ಏನು ಕಟ್ಟಿಗೆ, ಎಷ್ಟು ದಪ್ಪ, ಯಾರು ಕೊಯ್ಯುವವರು ಎಂದು ಡಾಕ್ಟರರಂತೆ ವಿಚಾರಿಸಿದರು. "ತೊಡಿ ದಪ್ಪ ಅದಾವ್ರಿ. ನಾನ ಕೊಯ್ಯಾಂವ್ರಿ," ಎಂದೆ. ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. ನೋಡಲು ಬಹಳ ಹೊತ್ತು ಬೇಕಾಗಲಿಲ್ಲ.

"ಹಂಗಾದ್ರ ಸಣ್ಣದ ಸಾಕ್ರಿ. ಚೈನ್ ಚೂಪ ಇಟ್ಟಗೊಂಡ್ರ ಆತು."

"ದೊಡ್ಡದು ತೋರಸ್ರಿ," ಎಂದೆ.

ಅವರು ನಕ್ಕು ದೊಡ್ಡದನ್ನು ಕೈಗೆ ಕೊಟ್ಟರು. "ಇದನ್ನ ಹಿಡ್ಕೊಂಡು ನಿಂದರ್ರಿ. ಚಾ ಹೇಳೇನಿ. ಚಾ ಬರೋತನಕ ಕೆಳಗ ಇಡಬ್ಯಾಡ್ರಿ. ಆಮ್ಯಾಲೆ ಹೇಳ್ರಿ, ಯಾವ್ದು ಬೇಕಂತ."

ಇದು ಅವರು ಎಲ್ಲ ಗಿರಾಕಿಗಳಿಗೂ ಇಡುವ ಪರೀಕ್ಷೆಯಂತೆ. ಮೊದಲ ನಿಮಿಷ ನಾನು ವಿಡಿಯೋದ ಹಸನ್ಮುಖಿಯೇ ಆಗಿದ್ದೆ. ಎರಡನೆಯ ನಿಮಿಷಕ್ಕೆ ಮಷಿನ್ನು ಮೆಲ್ಲಗೆ ತನ್ನ ತೂಕ ಹೇಳತೊಡಗಿತು. ಮೂರನೆಯದಕ್ಕೆ ಮೊಣಕೈ ನಡುಗಿತು. ಚಹಾದವನು ರಸ್ತೆಯ ಆಚೆ ನಿಂತು ಯಾರ ಜೊತೆಗೋ ಹರಟೆ ಹೊಡೆಯುತ್ತಿದ್ದ. ಅಷ್ಟರಲ್ಲಿ ಅಂಗಡಿಗೆ ನಾಲ್ಕೈದು ಮಂದಿ ರೈತರು ಬಂದರು. ಅವರಲ್ಲೊಬ್ಬ ನನ್ನ ಗುರುತು ಹಿಡಿದು, "ಏ, ಗ್ಯಾದರಿಂಗಿನ ಹುಡುಗ!" ಎಂದ. ಇನ್ನು ಕೆಳಗಿಡುವಂತಿರಲಿಲ್ಲ. ತೋಳು ಮಾತ್ರ ಗಡಗಡ ಅಲುಗುತ್ತಿತ್ತು. ಮರ್ಯಾದೆ ಉಳಿಸಲು ನನಗೆ ಗೊತ್ತಿದ್ದುದು ಒಂದೇ ವಿದ್ಯೆ. ಬಾಯಿ ತೆರೆದು "ಡುರ್ರ್ರ್... ಡ್ಯಾಂವ್ ಡ್ಯಾಂವ್" ಎಂದು ಎಂಜಿನ್ನಿನ ಸದ್ದು ಹೊರಡಿಸಿಬಿಟ್ಟೆ.

ಜನರು ಚಪ್ಪಾಳೆ ಹೊಡೆದರು. "ಏನ್ ಹುಡುಗ ಮಾರಾಯಾ! ಖರೇ ಮಷಿನ್ ಚಾಲೂ ಆದಂಗ ನಡಗಾಕತ್ತಾವು ನೋಡು ಕೈ!" ಎಂದ ಒಬ್ಬ ಅಜ್ಜ. ನನ್ನ ನಿಜವಾದ ನಡುಕಕ್ಕೆ ಕಲೆಯೆಂಬ ಹೆಸರು ಬಂತು. ಚಹಾ ಬಂತು. ಕಪ್ಪು ಹಿಡಿಯಲಾಗದೆ, ಅದನ್ನು ಕೌಂಟರಿನ ಮೇಲೆಯೇ ಇಟ್ಟು ಬಾಗಿ ಹೀರಿದೆ, ಅದಕ್ಕೂ ನಕ್ಕರು. ಅಷ್ಟು ಚಪ್ಪಾಳೆ ಬಿದ್ದ ಮೇಲೆ ಸಣ್ಣದನ್ನು ಕೇಳುವ ಗಂಡಸು ನಮ್ಮ ತಾಲೂಕಿನಲ್ಲಿ ಇನ್ನೂ ಹುಟ್ಟಿಲ್ಲ. ದೊಡ್ಡದನ್ನೇ ಕಟ್ಟಿಸಿಕೊಂಡೆ. ಮಾಲೀಕರು ಕಟ್ಟುತ್ತ, "ನಾಕ ದಿನದಾಗ ತಂದ್ರ ವಾಪಸ್ ತಗೋತೇನ್ರಿ," ಎಂದರು. ನಾನು ಕೇಳದಿದ್ದರೂ ಹೇಳಿದರು.

ಶನಿವಾರ ಬೆಳಿಗ್ಗೆ ಕನ್ನಡಕ, ಕೈಗವಸು, ಕಿವಿಗೆ ಹತ್ತಿ, ಎಲ್ಲ ಧರಿಸಿ ಹಿತ್ತಲಿಗೆ ಇಳಿದೆ. ರೊಟ್ಟಿ ಬಡಿಯುವವರೆಲ್ಲ ಕೈ ನಿಲ್ಲಿಸಿದರು. ಒಲೆಯ ಮುಂದಿದ್ದ ನೀಲವ್ವ, "ತಮ್ಮಾ, ಕಟ್ಟಿಗಿ ಕೊಯ್ಯಾಕ ಹೊಂಟೀಯೋ, ಚಂದ್ರಲೋಕಕ್ಕ ಹೊಂಟೀಯೋ?" ಎಂದಳು. ಮಷಿನ್ನು ಚಾಲೂ ಮಾಡುವ ಹಗ್ಗ ಜಗ್ಗಿದೆ. ಒಂಬತ್ತನೆಯ ಸಲಕ್ಕೆ ಮಷಿನ್ನು ಎದ್ದು ಕೂಗಿತು. ಮೊದಲ ದಿಮ್ಮಿ ಬೆಣ್ಣೆಯಂತೆ ಕೊಯ್ದುಹೋಯಿತು. ನಿಜ ಹೇಳಬೇಕು, ಅದರ ಶಕ್ತಿಯಲ್ಲಿ ಸುಳ್ಳಿರಲಿಲ್ಲ. ಎರಡನೆಯದನ್ನೂ ಕೊಯ್ದಿತು. ಆದರೆ ಎರಡು ದಿಮ್ಮಿಗಳ ನಡುವೆ ಮಷಿನ್ನು ನಡೆಯುವುದಿಲ್ಲವಲ್ಲ. ನಾನೇ ಎತ್ತಿ, ಬಾಗಿ, ಹಿಡಿದು, ಮತ್ತೆ ಎತ್ತಬೇಕು. ನಾಲ್ಕನೆಯ ದಿಮ್ಮಿ ಮುಗಿಯುವಾಗ ಅಲಗು ನನ್ನ ಮಾತು ಕೇಳದೆ ತನಗೆ ಬೇಕಾದ ಕಡೆ ವಾಲತೊಡಗಿತು. ನಾನು ಅಣಕಿಸುವವನು, ಹುಂಬನಲ್ಲ. ಕಾಲಿನ ಮೇಲೆ ಆಸೆ ಇತ್ತು. ಬಂದ್ ಮಾಡಿದೆ. ಉಳಿದ ರಾಶಿ ನನ್ನನ್ನೇ ನೋಡುತ್ತಿತ್ತು.

ಭಾನುವಾರ ಎದ್ದಾಗ ನನ್ನ ತೋಳುಗಳು ನನ್ನವಾಗಿರಲಿಲ್ಲ. ರೊಟ್ಟಿ ಮುರಿದೆ, ಕೈ ಬಾಯಿಯತನಕ ಹೋಗಲೊಲ್ಲದು. ಎದೆಯ ಹತ್ತಿರ ಬಂದು ಬಸ್ಸು ಕೆಟ್ಟಂತೆ ನಿಂತುಬಿಟ್ಟಿತು. ಮೀಸೆ ಬಂದ ಮಗನಿಗೆ ಅವ್ವ ತುತ್ತು ಮಾಡಿ ಉಣಿಸಿದಳು. ಅವಳು ಬೈದಿದ್ದರೆ ಚೆನ್ನಾಗಿತ್ತು. ಬೈಯಲಿಲ್ಲ. ಬೆಂಕಿ ಇಲ್ಲದ ಎರಡು ಒಲೆಗಳ ಕಡೆ ನೋಡಿ, "ನೀಲವ್ವಗ ನಾಳೆ ಬರಬ್ಯಾಡಂತ ಹೇಳಲೇನೋ?" ಎಂದಷ್ಟೇ ಕೇಳಿದಳು. ಆ ಧ್ವನಿಯನ್ನು ನಾನು ಇವತ್ತಿಗೂ ಯಾರ ಮುಂದೆಯೂ ಮಾಡಿ ತೋರಿಸಿಲ್ಲ.

ಫಕ್ಕೀರಪ್ಪ ಕಾಕಾನ ಮನೆಗೆ ಹೋದೆ. ಕಟ್ಟೆಯ ಮೇಲೆ ಕೂತು ಕೊಡಲಿಯ ಹಿಡಿಕೆ ಹೆರೆಯುತ್ತಿದ್ದ. ನನ್ನನ್ನೂ, ಜೋತುಬಿದ್ದ ನನ್ನ ಕೈಗಳನ್ನೂ ನೋಡಿದ.

"ಏನ್ಪಾ ಕಲಾವಿದ. ಕಟ್ಟಿಗಿ ಒಡದಿಯಂತ?"

"ತಪ್ಪಾತು ಕಾಕಾ."

"ಎಷ್ಟು ಭಾರ ಐತೆಪಾ ಮಷಿನ್?"

"ಆರೂವರೆ ಕಿಲೋ. ನಿನ್ನ ಕೊಡ್ಲಿನೂ ಭಾರ ಐತೆಲ್ಲ ಕಾಕಾ, ನಿನಗ ಹೆಂಗ ನೋವಾಗಂಗಿಲ್ಲ?"

ಕಾಕಾ ಕೊಡಲಿ ಬದಿಗಿಟ್ಟ. "ಹುಚ್ಚಪ್ಪಾ, ಕೊಡ್ಲಿ ಎತ್ತಿದೆ, ಬಿಟ್ಟೆ. ಅದರ ಭಾರ ಕಟ್ಟಿಗಿ ಮ್ಯಾಲೆ ಬೀಳ್ತೈತಿ. ಅಲ್ಲಿಗಿ ನನ್ನ ಲೆಕ್ಕ ಮುಗೀತು. ನಿನ್ನ ಮಷಿನ್ ಭಾರ ಹೊತ್ತು ಮುಳಗೂತನಕ ನಿನ್ನ ಮ್ಯಾಲ ಇರ್ತೈತಿ." ಇಷ್ಟು ವಿಡಿಯೋ ನೋಡಿದೆನಲ್ಲ, ಒಬ್ಬ ಹಸನ್ಮುಖಿಯೂ ಇದನ್ನು ಹೇಳಿರಲಿಲ್ಲ.

"ಬಾ ಕಾಕಾ, ಮನಿಗೆ," ಎಂದೆ.

"ಬರ್ತೇನಿ. ಆದ್ರ ಒಂದು ಕೆಲಸ ಮಾಡು. ಊರ ಮಂದೀನೆಲ್ಲಾ ಮಾಡ್ತಿ. ಇವತ್ತ ನಿನ್ನ ನೀ ಮಾಡಿ ತೋರಸು."

ಇದೇನು ದೊಡ್ಡದು ಎಂದು ಸಜ್ಜಾಗಿ ನಿಂತೆ. ಬಾಯಿ ತೆರೆದೆ. ಕಂಡಕ್ಟರು ಬಂದ, ಮಾಸ್ತರರು ಕೆಮ್ಮಿದರು, ಮಾವ ಬಂದ. ನಾನು ಬರಲಿಲ್ಲ. ಅಷ್ಟು ಬಾಡಿಗೆದಾರರ ನಡುವೆ ಮನೆಯ ಮಾಲೀಕ ಎಲ್ಲಿ ಹೋಗಿದ್ದನೋ, ಪತ್ತೆಯೇ ಇಲ್ಲ. ಕೊನೆಗೆ ಕಾಕಾ ತಾನೇ ಎದ್ದು, ಕೊಡಲಿಯನ್ನು ಮಷಿನ್ನಿನಂತೆ ಅಡ್ಡ ಹಿಡಿದು, ಎದೆಯುಬ್ಬಿಸಿ, ಹುಬ್ಬೇರಿಸಿ, ಮೊಣಕಾಲು ಗಡಗಡ ನಡುಗಿಸುತ್ತ "ಡುರ್ರ್ರ್..." ಎಂದ. ಅಂಗಡಿಯ ಸುದ್ದಿ ಅವನಿಗೂ ಮುಟ್ಟಿತ್ತು. ಒಳಗಿಂದ ಬಂದ ಅವನ ಹೆಂಡತಿ ಕಾಕು ಬಾಗಿಲು ಹಿಡಿದುಕೊಂಡು ನಕ್ಕಳು. ನಾನೂ ನಗಬೇಕಿತ್ತು. ಆದರೆ ಥೇಟ್ ನನ್ನಂತೆಯೇ ಇತ್ತು, ಅದಕ್ಕೇ ನಗು ಬರಲಿಲ್ಲ. ಕಿವಿ ಬಿಸಿಯಾದವು. ಗ್ಯಾದರಿಂಗಿನ ವಿಡಿಯೋ ನೋಡಿದ ದಿನ ಕಾಕಾನ ಕಿವಿಯೂ ಇಷ್ಟೇ ಬಿಸಿಯಾಗಿದ್ದಿರಬೇಕು.

"ಹ್ಞೂಂ. ಲೆಕ್ಕ ಚುಕ್ತಾ ಆತು. ನಡಿ," ಎಂದು ಕೊಡಲಿಯನ್ನು ಹೆಗಲಿಗೇರಿಸಿದ.

ಅವತ್ತು ಸಂಜೆಯೊಳಗೇ ಕಾಕಾ ಎರಡು ದಿನದ ಒಲೆಗೆ ಸಾಕಾಗುವಷ್ಟು ಸೀಳಿಕೊಟ್ಟ. ಸೋಮವಾರ ದೊಡ್ಡ ಮಷಿನ್ನು ವಾಪಸ್ ಕೊಡಲು ಇಬ್ಬರೂ ಕೂಡಿ ಹಿರೇಕೆರೂರಿಗೆ ಹೋದೆವು. ಮಾಲೀಕರು ನನ್ನನ್ನು ಕಂಡದ್ದೇ ಕೌಂಟರಿನ ಕೆಳಗಿಂದ ಸಣ್ಣ ಮಷಿನ್ನು ತೆಗೆದು ಮೇಲಿಟ್ಟರು. "ಬರ್ತೀರಂತ ಗೊತ್ತಿತ್ರಿ. ಸೋಮವಾರ ಅಂತ ಗೊತ್ತಿರಲಿಲ್ಲ. ಮಂಗಳವಾರ ಅನ್ಕೊಂಡಿದ್ದೆ. ನಿಮ್ಮ ಮ್ಯಾಲೆ ಸ್ವಲ್ಪ ಹೆಚ್ಚಿಗಿ ವಿಶ್ವಾಸ ಇಟ್ಟಿದ್ದೆ ನೋಡ್ರಿ." ಈ ಸಲ ಪರೀಕ್ಷೆಗೆ ಸಣ್ಣದನ್ನು ಹಿಡಿದು ಕಾಕಾ ನಿಂತ. ಚಹಾ ಬಂತು. ಕಾಕಾ ಒಂದು ಕೈಯಲ್ಲಿ ಮಷಿನ್ನು ಹಿಡಿದೇ ಇನ್ನೊಂದರಲ್ಲಿ ಕಪ್ಪು ತೆಗೆದುಕೊಂಡು ಕುಡಿದ. ಚಪ್ಪಾಳೆ ಹೊಡೆಯಲು ಅಲ್ಲಿ ಯಾರೂ ಇರಲಿಲ್ಲ. ನಾನು ಹೊಡೆಯಬಹುದಿತ್ತು, ಕೈ ಏಳಲಿಲ್ಲ.

ಮನೆಗೆ ಬಂದ ಕಾಕಾ ಎರಡು ಕವಲಿನ ಗೂಟಗಳನ್ನು ನೆಟ್ಟು ಸೊಂಟದೆತ್ತರದ ಅಡ್ಡೆ ಮಾಡಿದ. ಅದರ ಮೇಲೆ ದಿಮ್ಮಿ ಇಟ್ಟರೆ ಮಷಿನ್ನನ್ನು ಹೊರಬೇಕಾಗಿಯೇ ಇಲ್ಲ. ಕಟ್ಟಿಗೆಯ ಮೇಲೆ ಒರಗಿಸಿದರೆ ಸಾಕು, ತನ್ನ ಪಾಡಿಗೆ ತಾನು ಇಳಿಯುತ್ತದೆ. ನನ್ನ ಕೈ ಮಂಗಳವಾರ ಮಧ್ಯಾಹ್ನಕ್ಕೆ ನನ್ನ ಕಡೆ ಬಂದವು. ಅಂದಿನಿಂದ ದಿಮ್ಮಿಯನ್ನು ತುಂಡಾಗಿ ಕೊಯ್ಯುವುದು ನನ್ನ ಪಾಲು, ಸೀಳುವುದು ಕಾಕಾನ ಪಾಲು. ಅವ್ವ ಒಮ್ಮೆ ಸಣ್ಣದನ್ನು ಎತ್ತಿ ನೋಡಿ, "ಅಯ್ಯ, ನಮ್ಮ ರೊಟ್ಟಿ ಬುಟ್ಟಿಗಿಂತ ಹಗುರ ಐತಿ. ಇದನ್ನ ಮೊದಲ ನನಗ ಕೇಳಿದ್ರ ಹೇಳ್ತಿದ್ನೆಲ್ಲೋ," ಎಂದಳು. ಮಾವನಿಗೆ ಇನ್ನೂ ಹೇಳಿಲ್ಲ. ಅಬಲೂರಿನ ರೊಟ್ಟಿಗಳು ಗುರುವಾರ ಹೊತ್ತಿಗೆ ಸರಿಯಾಗಿ ಹೋದವು.

ಅವು ಗಾಡಿಗೆ ಏರುವ ದಿನ ಬೆಳಿಗ್ಗೆ, ಕೊನೆಯ ಒಲೆಗೆಂದು ಒಂದು ದಪ್ಪ ಮಾವಿನ ದಿಮ್ಮಿಯನ್ನು ಅಡ್ಡೆಗೆ ಏರಿಸಬೇಕಿತ್ತು. ಕಾಕಾ ಆ ಕಡೆ ಕೊಡಲಿ ಮಸೆಯುತ್ತಿದ್ದ. ನಾನೊಬ್ಬನೇ ಬಾಗಿ, ತಬ್ಬಿ, ಎತ್ತಿದೆ. ಸೊಂಟದ ಕೆಳಗೆಲ್ಲಿಂದಲೋ ಎದ್ದು ಗಂಟಲಿಗೆ ಬಂದು ಹೊರಬಿತ್ತು: "ಹ್ಹಂ... ಹಾ!"

ರೊಟ್ಟಿಯ ಸದ್ದು ನಿಂತಿತು. ನೀಲವ್ವ ಕೈಯಲ್ಲಿನ ಹಿಟ್ಟು ಬಿಟ್ಟು ತಿರುಗಿದಳು. "ತಮ್ಮಾ, ಮತ್ತ ಅಣಕಸಾಕತ್ತೀ ಅಲ್ಲೋ! ಕಾಕಾ ಇಲ್ಲೇ ಅದಾನ!"

ನಾನು ಇಲ್ಲ ಇಲ್ಲ ಎಂದು ತಲೆಯಾಡಿಸಿದೆ, ಮಾತಾಡಲು ಉಸಿರಿರಲಿಲ್ಲ. ಕಾಕಾ ಕೊಡಲಿಯಿಂದ ಕಣ್ಣೆತ್ತದೆ ಹೇಳಿದ: "ಸುಮ್ನಿರವಾ ನೀಲವ್ವ. ಅದು ನಂದಲ್ಲ. ಅಂವನ ಸ್ವಂತದ್ದ."

ಇಷ್ಟು ವರ್ಷ ಊರೆಲ್ಲ ತಿರುಗಿ ಎಲ್ಲರ ಧ್ವನಿ ಕೂಡಿಹಾಕಿದ ನನಗೆ ಕೊನೆಗೂ ನನ್ನದೇ ಒಂದು ಸಿಕ್ಕಿತು. ಹೇಳಿಕೊಳ್ಳಲು ಒಂದೇ ತೊಂದರೆ, ಅದು ಥೇಟ್ ಫಕ್ಕೀರಪ್ಪ ಕಾಕಾನ ಹಾಗೆಯೇ ಇದೆ.