ಭಾವನ ಜೇಬಿನ ಹಿತ್ತಾಳೆ ಸಾಮಾನು

ನಮ್ಮ ಭಾವನ ಜೊತೆ ಬೀಚಿಗೆ ಹೋದವರು ಯಾರೂ ಈವರೆಗೆ ಸಮುದ್ರ ನೋಡಿಲ್ಲ! ಉತ್ಪ್ರೇಕ್ಷೆ ಅನ್ನುತ್ತೀರಾ? ಒಮ್ಮೆ ಹೋಗಿ ನೋಡಿ. ನೀವು ಅಲೆಗಳ ಕಡೆ ಕತ್ತೆತ್ತಿದ ಕೂಡಲೇ "ಅಲ್ಲಿ ಎಂತ ಉಂಟು ಮಾರಾಯ್ತಿ, ಬರೀ ನೀರು. ಇಲ್ಲಿ ನೋಡು, ಇಲ್ಲಿ!" ಎಂದು ನಿಮ್ಮ ದೃಷ್ಟಿಯನ್ನು ಮರಳಿಗೆ ಇಳಿಸುತ್ತಾರೆ. ಕೈಯಲ್ಲಿ ಮೆಟಲ್ ಡಿಟೆಕ್ಟರ್, ಕಿವಿಗೆ ಹೆಡ್‌ಫೋನು. ನೆಲದಡಿ ಲೋಹವೇನಾದರೂ ಇದ್ದರೆ ಆ ಯಂತ್ರ ಹಸಿದ ಬೆಕ್ಕಿನ ಮರಿಯ ಹಾಗೆ ಕೂಗುತ್ತದೆ. ಭಾವ ಮೊಣಕಾಲೂರಿ ಅಗೆಯುತ್ತಾರೆ. ಮೇಲೆ ಬರುವುದೇನು? ಬಾಟಲಿಯ ಮುಚ್ಚಳ!

ಒಮ್ಮೆ ಕಾರಿನ ಕೀ ಸಿಕ್ಕಿತು. ಪಾಪ, ಯಾರದೋ ಏನೋ ಎಂದು ಬೀಚ್ ತುಂಬ ಓಡಾಡಿ ಕಂಡಕಂಡವರನ್ನೆಲ್ಲ ಕೇಳಿದರು. ಸಂಜೆ ಮನೆಗೆ ಹೊರಡುವಾಗ ಗೊತ್ತಾಯಿತು, ಅದು ಅವರದೇ!

ಭಾವ ಎಂದರೆ ನನ್ನ ಅಕ್ಕನ ಗಂಡ. ಉಡುಪಿ ಕಡೆಯವರು. ಮೆಲ್ಬರ್ನಿನ ಟಾರ್ನೀಟ್‌ನಲ್ಲಿ ಮನೆ. ಕಾರಿನ ಮುಂದಿನ ಸೀಟಿನಲ್ಲಿ ಯಂತ್ರವನ್ನು ಕೂರಿಸಿ ಸೀಟ್ ಬೆಲ್ಟ್ ಕಟ್ಟುತ್ತಾರೆ. ಸಿಡ್ನಿಯಿಂದ ಹೋದ ನಾದಿನಿ ನಾನು ಹಿಂದಿನ ಸೀಟಿಗೆ! ಸಿಕ್ಕಿದ್ದನ್ನೆಲ್ಲ ಹುಣಸೆಹಣ್ಣು ಹಾಕಿ ಉಜ್ಜಿ, ಇಡ್ಲಿ ತಟ್ಟೆಯ ಗುಳಿಗಳಲ್ಲಿ ವಿಂಗಡಿಸಿ ಇಡುತ್ತಾರೆ. ಒಂದು ಗುಳಿಯಲ್ಲಿ ಮುಚ್ಚಳ, ಒಂದರಲ್ಲಿ ಟೆಂಟಿನ ಮೊಳೆ, ಇನ್ನೊಂದರಲ್ಲಿ ಯಾರದೋ ಕೋಟಿನ ಗುಂಡಿ.

"ಹಾಗಾದರೆ ಇಡ್ಲಿ ಎಲ್ಲಿ ಮಾಡ್ತೀರಿ ಭಾವ?"

"ಇಡ್ಲಿ ಇಂಡಿಯನ್ ಶಾಪಿನಲ್ಲಿ ಫ್ರೋಜನ್ ಸಿಗ್ತದೆ. ಇದು ಸಿಗ್ತದಾ?"



ಅಕ್ಕ ತೀರಿಕೊಂಡ ಮೇಲೆ ಅಷ್ಟು ದೊಡ್ಡ ಮನೆಯಲ್ಲಿ ಅವರೊಬ್ಬರೇ. ಮಕ್ಕಳಿಲ್ಲ. ಸಿಡ್ನಿಯ ಬ್ಲ್ಯಾಕ್‌ಟೌನಿನ ನಮ್ಮ ಮನೆಯಲ್ಲಿ ಒಂದು ಕೋಣೆ ಖಾಲಿಯಿದೆ, ಬಂದು ನಮ್ಮ ಜೊತೆಯೇ ಇರಿ ಎಂದು ನಾನೂ ನನ್ನ ಗಂಡನೂ ಕರೆದೆವು. ಒಪ್ಪಿದರು. ಮನೆ ಮಾರುವುದೆಂದೂ ಆಯಿತು. ಆ ಕೋಣೆಯ ಕಿಟಕಿಗೆ ನಾನು ಹೊಸ ಪರದೆ ಹೊಲಿದೆ, ಕಾನ್ವೆಂಟಿನ ಸಿಸ್ಟರ್ ಕಲಿಸಿದ ಹಾಗೆ ಹೊಲಿಗೆ ಹೊರಗೆ ಕಾಣದಂತೆ. ನಿಜ ಹೇಳಬೇಕೆಂದರೆ ಆಸೆ ನನ್ನದೂ ಇತ್ತು. ಅಕ್ಕ ಹೇಗೆ ನಗುತ್ತಿದ್ದಳು, ಯಾವುದಕ್ಕೆ ಮುನಿಯುತ್ತಿದ್ದಳು ಎಂದು ಮಾತಾಡಲು ಈ ದೇಶದಲ್ಲಿ ನನಗೆ ಬೇರೆ ಯಾರಿದ್ದಾರೆ?

ಅಷ್ಟರಲ್ಲಿ ಬಂತು ಫೋನು.

"ಒಂದು ಹಳೇ ಹಿತ್ತಾಳೆ ಸಾಮಾನು ಸಿಕ್ಕಿದೆ. ಎಂತದಂತ ಯಾರಿಗೂ ಗೊತ್ತಿಲ್ಲ. ಅದು ಗೊತ್ತಾಗಲಿ, ಮಾರನೇ ದಿನವೇ ಬರ್ತೇನೆ."

"ಫೋಟೋ ಕಳಿಸಿ ಭಾವ."

ಕಳಿಸಿದರು. ಅದರಲ್ಲಿ ಮುಕ್ಕಾಲು ಪಾಲು ಅವರ ಹೆಬ್ಬೆರಳು! ಇನ್ನೊಂದು ಕೇಳಿದೆ. ಇನ್ನೊಂದು ಹೆಬ್ಬೆರಳು ಬಂತು!

ಡಿಟೆಕ್ಟರ್ ಹಿಡಿಯುವವರದೂ ಒಂದು ಕ್ಲಬ್ಬಿದೆ. ಅಲ್ಲಿನ ಹಿರಿಯರ ಮುಂದೆ ಇಟ್ಟರಂತೆ. ಒಬ್ಬರು ಹಡಗಿನ ದೀಪದ ತುಂಡು ಎಂದರಂತೆ, ಇನ್ನೊಬ್ಬರು ಕುದುರೆಯ ಜೀನಿನ ಅಲಂಕಾರ ಎಂದರಂತೆ. ಮೇಲಿನ ಕಪ್ಪು ಪದರ ಎಲ್ಲಿ, ಅದನ್ನು ನೋಡಿಯಲ್ಲವೇ ವಯಸ್ಸು ಹೇಳುವುದು ಎಂದು ಅವರು ಕೇಳಿದಾಗ, ಭಾವ ಬಲು ಹೆಮ್ಮೆಯಿಂದ ಹುಣಸೆಹಣ್ಣಿನ ಮಹಿಮೆ ವಿವರಿಸಿದರಂತೆ. ಕ್ಲಬ್ಬಿಗೆ ಕ್ಲಬ್ಬೇ ಹಣೆ ಚಚ್ಚಿಕೊಂಡಿತಂತೆ!

"ಹಿತ್ತಾಳೆಯನ್ನು ಕಪ್ಪು ಹಿಡಿಸಿ ಇಟ್ಟುಕೊಳ್ತಾರಂತೆ. ಇವರ ಮನೆಯಲ್ಲಿ ಹೇಳುವವರು ಕೇಳುವವರು ಇಲ್ಲವಾ?" ಎಂದು ನನ್ನಲ್ಲಿ ದೂರಿದರು.

ಮನೆ ನೋಡಲು ಬಂದ ಏಜೆಂಟನನ್ನೂ ಬಿಡಲಿಲ್ಲ. ಅವನು ಕೋಣೆ ಕೋಣೆ ಸುತ್ತುತ್ತಿದ್ದರೆ ಇವರು ಬೆನ್ನಹಿಂದೆಯೇ ಹೋಗಿ, ಅದನ್ನು ಅವನ ಮೂಗಿನ ಕೆಳಗೆ ಹಿಡಿದು "ವಾಟ್ ಡು ಯು ಥಿಂಕ್?" ಎಂದರಂತೆ. ಅವನು ತಲೆಯೆತ್ತದೆ "ಲವ್ಲಿ ನ್ಯಾಚುರಲ್ ಲೈಟ್!" ಎಂದನಂತೆ.

ಹೀಗೆಯೇ ತಿಂಗಳುಗಳು ಕಳೆದವು. ಹೊಸ ಪರದೆಗೆ ಧೂಳು ಕೂತಿತು. ನನ್ನ ಗಂಡ ಬೆಂಗಳೂರಿನವರು, ತಾಳ್ಮೆ ಕಡಿಮೆ.

"ಟೂ ಮಚ್ ಆಯ್ತು ಕಣೇ. ಫ್ಲೈಟ್ ಬುಕ್ ಮಾಡ್ತೀನಿ. ಅದೇನು ಅಂತ ನಾವೇ ಕಂಡುಹಿಡಿದು, ಅವ್ರನ್ನ ಪ್ಯಾಕ್ ಮಾಡ್ಕೊಂಡು ಬಂದ್ಬಿಡೋಣ."

ಹೊರಟೆವು. ಟಾರ್ನೀಟಿನಲ್ಲಿ ಕಾಫಿ ಲೋಟ ಕೆಳಗಿಟ್ಟವಳೇ ಕೈ ಚಾಚಿದೆ. "ಕೊಡಿ ಭಾವ."

ಅತ್ತ ನೋಡಿದರು, ಇತ್ತ ನೋಡಿದರು. ಕೊನೆಗೆ ಅಂಗಿಯ ಜೇಬಿನಿಂದ ಒಂದು ಕರವಸ್ತ್ರದ ಗಂಟು ತೆಗೆದುಕೊಟ್ಟರು. ಅಂಗಿ ಮುದುಡಿ ಮುದ್ದೆಯಾಗಿತ್ತು; ಕರವಸ್ತ್ರಕ್ಕೆ ಮಾತ್ರ ಇಸ್ತ್ರಿ!

ಬಿಚ್ಚಿದೆ. ದುಂಡನೆಯ ಹಿತ್ತಾಳೆ ಬಿಲ್ಲೆ. ನಡುವೆ ನಕ್ಷತ್ರದ ಆಕಾರದ ತೂತು.

ಹಡಗಿನ ದೀಪವಂತೆ, ಕುದುರೆಯ ಜೀನಂತೆ! ಅಷ್ಟಮಿಯ ಹಿಂದಿನ ದಿನ ಎಣ್ಣೆ ಬಾಣಲೆಯ ಮುಂದೆ ಬೆವರಿದ ಯಾವ ಹೆಂಗಸನ್ನು ಕೇಳಿದ್ದರೂ ಕಣ್ಣು ಮುಚ್ಚಿ ಹೇಳುತ್ತಿದ್ದಳು. ಅದು ಚಕ್ಕುಲಿ ಒರಳಿನ ಬಿಲ್ಲೆ!

ಸುಮ್ಮನೆ ಎದ್ದು ಅಡುಗೆಮನೆಗೆ ಹೋದೆ. ಅಕ್ಕ ಊರಿನಿಂದ ಸೂಟ್‌ಕೇಸಿನಲ್ಲಿ ತಂದ ಒರಳು ಮೇಲಿನ ಕಪಾಟಿನಲ್ಲಿತ್ತು. ಅದರ ಬಿಲ್ಲೆ ಕಳೆದುಹೋದ ವರ್ಷ ಅವಳು ಫೋನಿನಲ್ಲಿ ಅತ್ತಿದ್ದಳು. ಆಮೇಲೆ ಆ ಮನೆಯಲ್ಲಿ ಚಕ್ಕುಲಿಯೇ ಆಗಲಿಲ್ಲ. ದೊಡ್ಡ ಪಾತ್ರೆಗಳನ್ನು ಅವಳು ಸಿಂಕಿನಲ್ಲಿ ತೊಳೆದವಳೇ ಅಲ್ಲ. ಹಿತ್ತಿಲ ನಲ್ಲಿಯ ಹತ್ತಿರ ಕುಕ್ಕುರುಗಾಲಲ್ಲಿ ಕೂತು, ಮಣ್ಣಿಗೆ ನೀರು ಚೆಲ್ಲಿ ತಿಕ್ಕಿದರೇ ಅವಳಿಗೆ ತೃಪ್ತಿ.

ಬಿಲ್ಲೆಯನ್ನು ಒರಳಿನೊಳಗೆ ಇಳಿಸಿದೆ. ಸ್ವಲ್ಪವೂ ಅಲುಗದೆ ಕೂತಿತು.

"ಕೂತಿತಲ್ಲ?" ಬಾಗಿಲಲ್ಲಿ ಭಾವ.

"ನಿಮಗೆ ಗೊತ್ತಿತ್ತಾ?"

"ಮಣ್ಣಿನಿಂದ ತೆಗೆಯುವಾಗಲೇ." ಅವರು ನನ್ನನ್ನು ನೋಡುತ್ತಿರಲಿಲ್ಲ, ಕಿಟಕಿಯಾಚೆಯ ನಲ್ಲಿಯನ್ನು ನೋಡುತ್ತಿದ್ದರು. "ಎಷ್ಟು ವರ್ಷ ಅವಳು ಅಲ್ಲೇ ಕೂತು ತೊಳೆದದ್ದು! ಒಂದು ಚಮಚ, ಒಂದು ಪಿನ್ನು... ಇನ್ನೂ ಎಂತಾದರೂ ಬಿದ್ದಿರಬಹುದು. ಬೇಲಿಯ ಕಡೆ ನೋಡಿ ಆಗಲಿಲ್ಲ ಮಾರಾಯ್ತಿ."

ಹಾಲಿನಿಂದ ನನ್ನ ಗಂಡನ ಕೂಗು. "ಏನಂತೆ ಕಣೇ ಅದು? ಗೊತ್ತಾಯ್ತಾ? ವ್ಯಾನ್ ಬುಕ್ ಮಾಡ್ಲಾ?"

ಬಿಲ್ಲೆಯನ್ನು ಒರಳಿನಿಂದ ತೆಗೆದೆ. ಕರವಸ್ತ್ರದಲ್ಲಿ ಸುತ್ತಿ ಭಾವನ ಜೇಬಿಗೆ ಹಾಕಿದೆ.

"ಇಲ್ಲರೀ," ಎಂದೆ. "ನನಗೂ ಗೊತ್ತಾಗಲಿಲ್ಲ."