ಬ್ಲೌಸ್ ಫೈಲಿನ ಮೇಲೆ ಬಿದ್ದ ದೂರುಗಳು

ದೂರು ವಿಭಾಗದಲ್ಲಿ ಕೂತವಳಿಗೆ ಮನೆಗೆ ಹೋಗಿ ಹೇಳಲು ಕಥೆಗಳ ಬರವೇ ಇಲ್ಲ. ಪುಣೆಯ ನಮ್ಮ ಕಂಪನಿ ನಡೆಸುವುದು ಆನ್‌ಲೈನ್ ಸಂತೆ. ಅಲ್ಲಿ ಮಾರಾಟಕ್ಕಿರುವುದೆಲ್ಲ ಬರೀ ಫೈಲುಗಳು. ಲಗ್ನಪತ್ರಿಕೆಯ ಡಿಸೈನು, ರಂಗೋಲಿಯ ನಮೂನೆ, ಹೊಲಿಗೆಯ ಅಳತೆ, ಏನು ಬೇಕಾದರೂ ಸಿಗುತ್ತದೆ. ಮಾರುವವರು ಬೇರೆ, ಕೊಳ್ಳುವವರು ಬೇರೆ, ನಡುವೆ ಕೂತು ಬೈಸಿಕೊಳ್ಳುವವಳು ನಾನು. ಹಾಸನದವಳು ಅಂತ ಕನ್ನಡದ ದೂರುಗಳನ್ನೆಲ್ಲ ನನ್ನ ತಲೆಗೇ ಕಟ್ಟಿದ್ದಾರೆ.

ನಮ್ಮಲ್ಲೊಂದು ನಿಯಮವಿದೆ. ಒಂದು ಫೈಲಿನ ಮೇಲೆ ಮೂರು ದೂರು ಬಿದ್ದರೆ ಕಂಪ್ಯೂಟರ್ ತಾನಾಗಿಯೇ ಅದನ್ನು ಮಾರಾಟದಿಂದ ಇಳಿಸಿಬಿಡುತ್ತದೆ. ದೂರು ಕೊಟ್ಟವರೇ ‘ಸರಿಹೋಯಿತು’ ಎಂದು ಒತ್ತುವ ತನಕ ದೂರು ಹಾಗೇ ಉಳಿಯುತ್ತದೆ. ಈ ನಿಯಮ ಮಾಡಿದವರು ನಮ್ಮ ಜನರನ್ನು ಕಂಡವರಲ್ಲ ಎಂಬುದು ನನಗೆ ಗೊತ್ತಾಗಿದ್ದು ಪುಣೆಯ ಕೊಂಢವಾ ಬಡಾವಣೆಯಲ್ಲಿರುವ ಒಬ್ಬ ಅಕ್ಕನ ದೆಸೆಯಿಂದ.

ಅಕ್ಕ ಭಾಲ್ಕಿ ಕಡೆಯವರು. ವರ್ಷಗಟ್ಟಲೆ ಹೊಲಿಗೆ ಮಷಿನ್ ತುಳಿದು ಬೆನ್ನು ಹೋಗಿತ್ತು. ಡಾಕ್ಟರು ಇನ್ನು ಮಷಿನ್ ಮುಟ್ಟಬೇಡಿ ಅಂದ ಮೇಲೆ, ತಾವು ಬ್ಲೌಸ್ ಕತ್ತರಿಸುತ್ತಿದ್ದ ಅಳತೆಯ ನಕ್ಷೆಯನ್ನು ಮಗಳ ಕೈಲಿ ಕಂಪ್ಯೂಟರಿಗೆ ಹಾಕಿಸಿ ನಮ್ಮಲ್ಲಿ ಮಾರಲಿಕ್ಕಿಟ್ಟರು. ಕೊಂಡವರು ಪ್ರಿಂಟ್ ತೆಗೆದು, ಹಾಳೆಗಳನ್ನು ಅಂಟಿಸಿ, ಬಟ್ಟೆಯ ಮೇಲಿಟ್ಟು ಕತ್ತರಿಸಿದರಾಯಿತು. ಅವರ ಮನೆ ನಡೆಯುತ್ತಿದ್ದುದು ಆ ಒಂದೇ ಫೈಲಿನ ಮೇಲೆ.

ಮೊಮ್ಮಗಳ ಪಾಲು

ಮೊದಲ ದೂರು ಧನಕವಡಿಯ ಒಬ್ಬ ಅಜ್ಜಿಯದು. ಅಳತೆಯ ಪ್ರಕಾರವೇ ಹೊಲಿದರೂ ಬ್ಲೌಸಿನೊಳಗೆ ತಮ್ಮ ಮೊಣಕೈ ಕೂಡ ಹೋಗುತ್ತಿಲ್ಲ ಎಂದು ಬರೆದಿದ್ದರು. ಫೋನ್ ಮಾಡಿ, ಎಷ್ಟು ಹಾಳೆ ಪ್ರಿಂಟ್ ತೆಗೆಸಿದಿರಿ ಎಂದು ಕೇಳಿದೆ. ಒಂದೇ ಅಂದರು. ಝೆರಾಕ್ಸ್ ಅಂಗಡಿಯವನು ಬಹಳ ಒಳ್ಳೆಯವನಂತೆ, ಅಷ್ಟೂ ಹಾಳೆಗಳನ್ನು ಕುಗ್ಗಿಸಿ ಒಂದರಲ್ಲೇ ಕೂಡಿಸಿಕೊಟ್ಟನಂತೆ.

ತಪ್ಪು ಫೈಲಿನದಲ್ಲ ಎಂದು ತಿಳಿಹೇಳಿದೆ. ದೊಡ್ಡದಾಗಿ ಪ್ರಿಂಟ್ ತೆಗೆಸಿ, ದೂರನ್ನು ಮುಗಿಸಿಬಿಡಿ ಅಂದೆ. ಅಜ್ಜಿ ಒಪ್ಪಲಿಲ್ಲ. ಹೊಲಿದದ್ದನ್ನು ಎರಡು ವರ್ಷದ ಮೊಮ್ಮಗಳು ಹಾಕಿಕೊಂಡು ಬಿಚ್ಚುತ್ತಿಲ್ಲವಂತೆ.

“ಆಕಿ ಇನ್ನೊಂದು ಹಸರು ಬಣ್ಣದ್ದು ಬೇಕಂತಾಳ್ರಿ. ಅದಾಗೂ ತನಕ ತಕರಾರು ಚಾಲೂನೇ ಇರಲಿ.”

ಪಾಸಾಗದ ಬ್ಲೌಸು

ಎರಡನೆಯದು ಚಿಂಚವಾಡದಿಂದ ಬಂತು. ಫೈಲ್ ಕೊಂಡವರು ಹೆಂಡತಿ, ದೂರು ಕೊಟ್ಟವರು ಗಂಡ. ಅವರು ಗಾಡಿಯ ಬಿಡಿಭಾಗ ಮಾಡುವ ಫ್ಯಾಕ್ಟರಿಯಲ್ಲಿ ಮಾಲು ಪರೀಕ್ಷೆ ಮಾಡುವವರು. ಪ್ರಿಂಟ್ ಹಾಳೆಯನ್ನು ಫ್ಯಾಕ್ಟರಿಯ ಅಳತೆ ಉಪಕರಣದಿಂದ ಅಳೆದು, ಎಡತೋಳಿಗೂ ಬಲತೋಳಿಗೂ ಕೂದಲೆಳೆಯಷ್ಟು ವ್ಯತ್ಯಾಸವಿದೆ ಎಂದು ನಕ್ಷೆ ಸಮೇತ ಕಳಿಸಿದ್ದರು. ಮೇಲೆ ಕೆಂಪಕ್ಷರದಲ್ಲಿ ‘ರಿಜೆಕ್ಟ್’ ಎಂದಿತ್ತು.

ಅಕ್ಕನಿಗೆ ತಿಳಿಸಿದೆ. “ಅದು ಬಟ್ಟಿ ರೀ ಮೇಡಂ, ಎಂಜಿನ್ ಅಲ್ಲ,” ಅಂದರು. ಇದನ್ನೇ ಸ್ವಲ್ಪ ಸಕ್ಕರೆ ಹಾಕಿ ಬರೆದು ಕಳಿಸಿದೆ. ಗಂಡ ಬಿಡಲಿಲ್ಲ. ದೋಷಕ್ಕೆ ಕಾರಣವೇನು, ಮುಂದೆ ಆಗದಂತೆ ಏನು ಕ್ರಮ ತೆಗೆದುಕೊಂಡಿರಿ ಎಂದು ಪ್ರಶ್ನೆಗಳನ್ನು ಕಳಿಸಿದರು. ಕೊನೆಗೆ ಹೆಂಡತಿಗೇ ಫೋನ್ ಮಾಡಿ, ಬ್ಲೌಸ್ ಹೇಗೆ ಕೂರುತ್ತದೆ ಎಂದು ವಿಚಾರಿಸಿದೆ.

“ಇನ್ನೂ ಹೊಲದೇ ಇಲ್ರಿ. ಅವರು ಪಾಸ್ ಮಾಡಿದ ಮ್ಯಾಲೇ ಬಟ್ಟಿ ಮುಟ್ಟಬೇಕಂತ.”

ಮನೆತನ ಚಲೋ ಅದ

ಎರಡು ದೂರು ಉಳಿದೇಬಿಟ್ಟವು. ಇನ್ನೊಂದು ಬಿದ್ದರೆ ಫೈಲ್ ಇಳಿಯುತ್ತದೆ. ಮದುವೆಯ ಕಾಲ ಬೇರೆ ಹತ್ತಿರ ಬಂದಿತ್ತು. ಅಕ್ಕ ಫೋನಿನಲ್ಲಿ, “ಅದೊಂದೇ ಅದ ರೀ ನನಗ,” ಅಂದರು. ನನಗೆ ಸಂಕಟವಾಯಿತು. ಗೊತ್ತಿದ್ದವರಿಂದ ನಾಲ್ಕು ಒಳ್ಳೆಯ ಮಾತು ಬರೆಸಿರಿ, ಅದನ್ನು ನೋಡಿ ನಮ್ಮ ಮೇಲಿನವರ ಮನಸ್ಸು ಕರಗಬಹುದು ಅಂದೆ.

ಅಕ್ಕ ತಮ್ಮ ಭಜನೆ ಮಂಡಳಿಗೆ ಹೇಳಿದರು. ಮಂಡಳಿ ಊರಿನಿಂದ ಬಂದವರಿಗೆಲ್ಲ ಹೇಳಿತು. ಆದರೆ ನಮ್ಮಲ್ಲಿ ಹೊಗಳಿ ಬರೆಯಲು ಫೈಲ್ ಕೊಂಡಿರಲೇಬೇಕು. ದೂರು ಬರೆಯಲು ಯಾರಾದರೂ ನಡೆಯುತ್ತದೆ. ಬರೆಯಲು ಜಾಗ ಕಂಡದ್ದು ದೂರಿನ ಬಟನ್ ಒತ್ತಿದಲ್ಲೇ ತಾನೆ, ಎಲ್ಲರೂ ಅಲ್ಲೇ ಬರೆದರು. ದೂರಿನ ಬಗೆ ಯಾವುದು ಎಂದು ಕೇಳಿದಲ್ಲಿ ಪ್ರತಿಯೊಬ್ಬರೂ ಮೊದಲಿಗೆ ಸಿಕ್ಕ ‘ಫೈಲ್ ತೆರೆಯುತ್ತಿಲ್ಲ’ ಎಂಬುದನ್ನೇ ಒತ್ತಿದ್ದರು.

ಬೆಳಿಗ್ಗೆ ನಾನು ನೋಡುವಷ್ಟರಲ್ಲಿ ಫೈಲ್ ಇಳಿದಾಗಿತ್ತು. ನಮ್ಮ ಮರಾಠಿ ಸಾಹೇಬರು ನನ್ನನ್ನು ಕರೆದು, ಇಷ್ಟು ಜನ ಏನು ಬರೆದಿದ್ದಾರೆ ಓದಿ ಹೇಳು ಅಂದರು. ನಾನು ಒಂದೊಂದಾಗಿ ಓದಿ ಮರಾಠಿಯಲ್ಲಿ ಹೇಳಿದೆ. ಒಬ್ಬರು ಅಕ್ಕನ ಹೋಳಿಗೆ ಹೊಗಳಿದ್ದರು. ಒಬ್ಬ ಗಾರೆ ಕೆಲಸದವರು ಹೀಗೆ ಬರೆದಿದ್ದರು: “ನನಗ ಬ್ಲೌಸಿಂದೇನೂ ತಿಳಿಯೂದಿಲ್ರಿ. ಆದ್ರ ಮನೆತನ ಚಲೋ ಅದ.”

ಸಾಹೇಬರು ಕನ್ನಡಕ ತೆಗೆದು, “ಮಗ ತಕ್ರಾರ್ ಕಾಯ್ ಆಹೇ?” ಎಂದು ಕೇಳಿದರು. ಹಾಗಾದರೆ ತಕರಾರೇನು ಎಂಬ ಆ ಪ್ರಶ್ನೆಗೆ ನಾನು, ಎಲ್ಲರೂ ಒತ್ತಿದ್ದ ‘ಫೈಲ್ ತೆರೆಯುತ್ತಿಲ್ಲ’ ಎಂಬುದನ್ನೇ ಮರಾಠಿಯಲ್ಲಿ ಓದಿ ಹೇಳಿದೆ.

ಹೇಳದೆ ಹೋಗಬಾರದು

ಅಕ್ಕನಿಗೆ ಫೋನ್ ಮಾಡಿ, ಎಲ್ಲರೂ ‘ಸರಿಹೋಯಿತು’ ಒತ್ತಿದರೆ ಸಾಕು, ಇನ್ನೇನೂ ಬರೆಯುವುದು ಬೇಡ ಎಂದು ಬಿಡಿಸಿ ಹೇಳಿದೆ. ಮಂಡಳಿಗೆ ಬಹಳ ನಾಚಿಕೆಯಾಯಿತಂತೆ. ಮಧ್ಯಾಹ್ನದೊಳಗೆ ಎಲ್ಲರೂ ಒತ್ತಿದರು. ಫೈಲ್ ಮತ್ತೆ ಮೇಲೆ ಬಂತು.

ಆದರೆ ಇಷ್ಟು ತೊಂದರೆ ಕೊಟ್ಟು ಒಂದು ಮಾತೂ ಆಡದೆ ಹೋಗುವುದು ಹೇಗೆ? ಸಂಜೆ ಎಲ್ಲರೂ ಅದೇ ದೂರಿನ ಜಾಗಕ್ಕೆ ಬಂದು ಕ್ಷಮೆ ಕೇಳಿದರು. ‘ತಪ್ಪಾತ್ರಿ, ಇನ್ನ ಬರಿಯೂದಿಲ್ರಿ’ ಎಂಬ ದೂರಿನ ಭಾರಕ್ಕೆ ಫೈಲ್ ಮತ್ತೆ ಇಳಿಯಿತು.

ಈ ಸಲ ಸಾಹೇಬರು ನನ್ನ ಅನುವಾದಕ್ಕೂ ಕಾಯಲಿಲ್ಲ. ದೂರುಗಳನ್ನೆಲ್ಲ ಒರೆಸಿ, ಫೈಲನ್ನು ಮೇಲೆ ಹಾಕಿಸಿ, ಅದರ ಕೆಳಗಿದ್ದ ದೂರಿನ ಬಟನ್ನನ್ನೇ ತೆಗೆಸಿಬಿಟ್ಟರು. ಅಕ್ಕ ಫೋನಿನಲ್ಲಿ ಅತ್ತರು. ಇನ್ನು ನೆಮ್ಮದಿ ಎಂದುಕೊಂಡು ಮನೆಗೆ ಹೋದೆ.

ಮರುದಿನ ಬಂದರೆ, ನಮ್ಮ ಸಂತೆಯಲ್ಲಿ ಅಕ್ಕನ ಫೈಲಿನ ಪಕ್ಕದಲ್ಲೇ ಇದ್ದ ನಾಶಿಕದವರೊಬ್ಬರ ಲಗ್ನಪತ್ರಿಕೆಯ ಡಿಸೈನು ಮಾರಾಟದಿಂದ ಇಳಿದಿತ್ತು. ಅದರ ಮೇಲೆ ಸಾಲಾಗಿ ಕನ್ನಡದ ದೂರುಗಳು. ಮೊದಲನೆಯದನ್ನು ಓದಿದೆ:

“ಅಕ್ಕನ ಅಂಗಡಿ ಮತ್ತ ಚಾಲೂ ಆತು, ಭಾಳ ಖುಷಿ ಆತ್ರಿ. ಆದ್ರ ಅಲ್ಲಿ ತಕರಾರ್ ಬಟನ್ ಕಾಣವಲ್ದು. ಅದಕ್ಕ ಬಾಜೂ ಮನಿಯಾಗ ಹೇಳಿ ಹೊಂಟೀವಿ.”